‘ಬೇಕಾಗಿದ್ದಾರೆ’ ಎಂಬ ನಾಲ್ಕು ಸಾಲಿನ ಕರ್ತೃವಿಗೆ ಒಂದು ಬಿನ್ನವತ್ತಳೆ

ಮಹಾರಾಜರಾಜಶ್ರೀ ಮಾಲೀಕರವರ ಸನ್ನಿಧಾನಕ್ಕೆ,

ಕಳೆದ ಭಾನುವಾರದ ಪತ್ರಿಕೆಯಲ್ಲಿ, ಹಳೆಯ ಫ್ರಿಜ್ಜಿನ ಮಾರಾಟಕ್ಕೂ ಬೋರ್‌ವೆಲ್ ಕೊರೆಯುವವರ ದೂರವಾಣಿಗೂ ನಡುವೆ, ತಾವು ಪ್ರಕಟಪಡಿಸಿದ ನಾಲ್ಕು ಸಾಲುಗಳನ್ನು ಮೂರಾವರ್ತಿ ಓದಿ, ಕತ್ತರಿಸಿ, ಪಂಚಾಂಗದೊಳಗೆ ಇಟ್ಟುಕೊಂಡಿದ್ದೇನೆ. “ಲೆಕ್ಕ ಬರೆಯಲು ಬೇಕಾಗಿದ್ದಾರೆ: ಅವಿವಾಹಿತ ಯುವತಿ, 25ರೊಳಗೆ, 5 ವರ್ಷ ಅನುಭವ, ಆಕರ್ಷಕ ವ್ಯಕ್ತಿತ್ವ, ಸಸ್ಯಾಹಾರಿಗಳಿಗೆ ಆದ್ಯತೆ. ಫೋಟೋ ಕಡ್ಡಾಯ. ಸಂಬಳ ಮುಖತಃ.” ಇಷ್ಟು ಅಲ್ಪಾವಕಾಶದಲ್ಲಿ ಇಷ್ಟು ಮಂದಿಯನ್ನು ಹೊರಗಟ್ಟಿದ ಗದ್ಯವನ್ನು ನಾನು ಕಂಡಿಲ್ಲ. ಗಟ್ಟಿಯಾಗಿ ಓದುತ್ತಿದ್ದಾಗ ಅಡಿಗೆಮನೆಯಲ್ಲಿದ್ದ ನನ್ನ ಗೃಹಿಣಿ, “ಹುಡುಗ ಏನು ಮಾಡಿಕೊಂಡಿದ್ದಾನಂತೆ? ಗೋತ್ರ ಹಾಕಿಲ್ಲವೆ?” ಎಂದು ಕೇಳಿದಳು.

ಇಪ್ಪತ್ತೈದರೊಳಗೆ ಐದು ವರ್ಷದ ಅನುಭವವನ್ನು ಸಂಪಾದಿಸಬೇಕಾದರೆ ಆ ಕನ್ಯೆ ಇಪ್ಪತ್ತಕ್ಕೇ ಖಾತೆಪುಸ್ತಕವನ್ನು ಹಿಡಿದಿರಬೇಕು, ಬಿ.ಕಾಂ. ಪದವಿಯ ಪ್ರಸ್ತಾಪವನ್ನೇ ತಾವು ಎತ್ತದಿರುವುದು ಈ ಗಣಿತದ ಸಂಕೋಚದಿಂದಲೇ ಇರಬೇಕು. ಆಕರ್ಷಕ ವ್ಯಕ್ತಿತ್ವವೂ ಅವಶ್ಯವೇ ಸರಿ. ಜಮೆಗೂ ಖರ್ಚಿಗೂ ತಾಳೆಯಾಗದೆ ಹದಿನೇಳು ರೂಪಾಯಿ ಎಲ್ಲೋ ಅಡಗಿ ಕುಳಿತಿರುವಾಗ, ಸುಂದರವಾದ ಮುಖವನ್ನು ಕಂಡರೆ ಅದು ತಾನಾಗಿ ಹೊರಬರುತ್ತದೆಂದು ತಮ್ಮ ಅನುಭವವಿರಬಹುದು. ಆದರೆ ನಾನು ನಿಜವಾಗಿ ತಲೆಬಾಗುವುದು ಸಸ್ಯಾಹಾರದ ಆ ಎರಡು ಪದಗಳಿಗೆ: ಜಾತಿಯ ಹೆಸರೆತ್ತದೆ ಜಾತಿಯನ್ನು ಕೇಳುವ ಕಲೆ ಅದಕ್ಕಿಂತ ಮಿಗಿಲಾಗಿ ಸಿದ್ಧಿಸಲಾರದು. ಇನ್ನು ಅಭ್ಯರ್ಥಿ ತಿಳಿಯಬಯಸುವ ಏಕೈಕ ಸಂಗತಿಯಾದ ಸಂಬಳವು ಮಾತ್ರ ಗರ್ಭಗುಡಿಯೊಳಗಿನ ರಹಸ್ಯ.

ಅವಿವಾಹಿತೆಯೇ ಬೇಕೆಂಬ ಹಟಕ್ಕೆ ಪೂರ್ವನಿದರ್ಶನವಿಲ್ಲವೆಂದು ಯಾರಾದರೂ ತಮ್ಮನ್ನು ಹಳಿದರೆ ನಂಬಬೇಡಿರಿ. ನಮ್ಮ ಕೊಡಗಿನ ಸಿ. ಬಿ. ಮುತ್ತಮ್ಮನವರು 1949ರಲ್ಲಿ ವಿದೇಶಾಂಗ ಸೇವೆಯನ್ನು ಸೇರಿದ ಪ್ರಥಮ ಮಹಿಳೆಯಾದಾಗ, ಮದುವೆಯಾದರೆ ರಾಜೀನಾಮೆ ಕೊಡುವೆನೆಂದು ಭಾರತ ಸರ್ಕಾರವೇ ಅವರಿಂದ ಬರೆಸಿಕೊಂಡಿತ್ತು. ಮೂವತ್ತು ವರ್ಷಗಳ ತರುವಾಯ, 1979ರಲ್ಲಿ, ಅವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲನ್ನೇರಿದಾಗ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಅಂಥ ಸೇವಾನಿಯಮಗಳನ್ನು ಕಟುವಾಗಿ ಖಂಡಿಸಿದರೆಂಬ ಉತ್ತರಾರ್ಧವನ್ನು ತಾವು ಓದದೆ ಬಿಟ್ಟರೆ ನಿದರ್ಶನವು ತಮ್ಮ ಪರವಾಗಿಯೇ ಇರುತ್ತದೆ.

ಸಂವಿಧಾನದ 16ನೆಯ ವಿಧಿಯು ಸರ್ಕಾರದ ಉದ್ಯೋಗಗಳಿಗೆ ಮಾತ್ರ ಅನ್ವಯಿಸುವುದೆಂದು ತಾವು ನೆಮ್ಮದಿಯಾಗಿರಬಹುದು. ಆದರೆ 1976ರ ಸಮಾನ ಸಂಭಾವನೆ ಕಾಯಿದೆ ಸ್ತ್ರೀಯರ ಪಕ್ಷವಹಿಸಿ ಖಾಸಗಿ ನೇಮಕಾತಿಯೊಳಕ್ಕೂ ಕಾಲಿಟ್ಟಿತು. ಅದರ ಸ್ಥಾನಕ್ಕೆಂದು ರಚಿತವಾದ 2019ರ ವೇತನ ಸಂಹಿತೆ ಲಿಂಗದ ಆಧಾರದ ತಾರತಮ್ಯವನ್ನೇ ನಿಷೇಧಿಸಿತು. ಆದಕಾರಣ ತಾವು ಬಾಗಿಲು ಮುಚ್ಚಿದ ಗಂಡುಮಕ್ಕಳೂ ಗೊಣಗಬಹುದು. ಅಂಗವಿಕಲರ ವಿಷಯದಲ್ಲಿ ಸಮಾನಾವಕಾಶದ ನೀತಿಯನ್ನು ಪ್ರಕಟಿಸಬೇಕೆಂದು 2016ರ ಕಾಯಿದೆ ಖಾಸಗಿ ಸಂಸ್ಥೆಗಳಿಗೂ ವಿಧಿಸಿದೆ. ಆ ನೀತಿಯನ್ನು ತಾವು ಗೋಡೆಯ ಮೇಲೆ, ಲಕ್ಷ್ಮಿಯ ಕ್ಯಾಲೆಂಡರಿನ ಹಿಂದೆ, ತೂಗುಹಾಕಿರಬಹುದೆಂದು ಭಾವಿಸುತ್ತೇನೆ.

ಅಧಿಕಪ್ರಸಂಗವೆನ್ನದಿದ್ದರೆ, ಅದೇ ನಾಲ್ಕು ಸಾಲಿನ ಬೆಲೆಗೆ ನಾನೊಂದು ಪಾಠಾಂತರವನ್ನು ಸಿದ್ಧಪಡಿಸಿದ್ದೇನೆ: “ಲೆಕ್ಕ ಬರೆಯುವವರು ಬೇಕಾಗಿದ್ದಾರೆ. ಟ್ಯಾಲಿ ಬಲ್ಲವರಾಗಿರಬೇಕು, ಜಿ.ಎಸ್.ಟಿ. ರಿಟರ್ನ್ ಸಲ್ಲಿಸಿದ ಅನುಭವವಿರಬೇಕು. 10ರಿಂದ 6. ಕಚೇರಿ ಮೊದಲ ಮಹಡಿ, ಲಿಫ್ಟ್ ಇಲ್ಲ. ಹತ್ತಲಾಗದವರಿಗೆ ಕೆಳಗೇ ಮೇಜು ಹಾಕಿಕೊಡಲಾಗುವುದು. ಸಂಬಳ ಇಷ್ಟು.” ‘ಇಷ್ಟು’ ಎಂಬಲ್ಲಿ ಅಂಕಿಯನ್ನು ತಾವೇ ತುಂಬಬೇಕು. ಇದರಲ್ಲಿ ಕೆಲಸವೇನೆಂಬುದಿದೆ, ಮಾಡುವವರ ಮೈಬಣ್ಣ, ಊಟ, ತಾಳಿಗಳ ಸುದ್ದಿಯಿಲ್ಲ, ಸಪ್ಪೆಯೆನಿಸಿದರೆ ಕ್ಷಮಿಸಬೇಕು.

ನನ್ನ ತಂಗಿಯ ಮಗಳು ಹನ್ನೆರಡು ವರ್ಷ ಒಂದು ಸಗಟು ಅಂಗಡಿಯ ಲೆಕ್ಕ ಬರೆದವಳು. ವಯಸ್ಸು 38, ಮಕ್ಕಳಿಬ್ಬರು. ಅವಳ ಅರ್ಜಿಯನ್ನು ಇದರೊಡನೆ ಲಗತ್ತಿಸಿದ್ದೇನೆ, ಫೋಟೋ ಇಟ್ಟಿಲ್ಲ. ಕಳೆದ ತಿಂಗಳ ತಾಳೆಯಾಗದ ಲೆಕ್ಕವೊಂದು ತಮ್ಮಲ್ಲಿದ್ದರೆ ತೆಗೆದಿಟ್ಟಿರಿ, ಸೋಮವಾರ ಹತ್ತು ಗಂಟೆಗೆ ಬರುತ್ತಾಳೆ.

ಇತಿ ತಮ್ಮ ವಿಧೇಯ,
ಪಂಚಾಂಗದವನು