ಅರೆಬರೆ ವೀಕ್ಷಕರಿಗೆ ಪೂರ್ಣ ಪ್ರಮಾಣದ ಸನ್ಮಾನ

ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ, ವೇದಿಕೆಯಲ್ಲಿ ಜಾಗ ಸಾಲದೆ ಅದರ ಮೆಟ್ಟಿಲ ಮೇಲೆ ಆಸೀನರಾಗಿರುವ ಇನ್ನಷ್ಟು ಗಣ್ಯರೇ, ಎದುರು ಮಹಡಿಗಳ ಗ್ರಿಲ್ ಹಿಡಿದು ನಿಂತಿರುವ ತಾಯಂದಿರೇ, ನೈಟ್ ಶಿಫ್ಟಿಗೆ ಹೊರಡುವ ಮೊದಲೇ ಊಟ ಬಡಿಸುತ್ತಾರೋ ಇಲ್ಲವೋ ಎಂದು ಆಗಲೇ ವಿಚಾರಿಸಿಕೊಂಡು ಹೋಗಿರುವ ಕಾರ್ಮಿಕ ಬಂಧುಗಳೇ,

ರಾಜಗೋಪಾಲನಗರದ ನಮ್ಮ ಈ ಕ್ರಾಸಿನಲ್ಲಿ ರಾಜ್ಯೋತ್ಸವ ನವೆಂಬರ್ ಒಂದನೇ ತಾರೀಕಿಗೇ ಆಗಬೇಕೆಂಬ ಮೂಢನಂಬಿಕೆ ಯಾರಿಗೂ ಇಲ್ಲ. ಪೆಂಡಾಲ್ ಬಿಡುವಾದ ದಿನವೇ ನಮಗೆ ರಾಜ್ಯೋತ್ಸವ. ಇವತ್ತಿನ ಮುಖ್ಯ ಅತಿಥಿಗಳಾದ ಕಿರುತೆರೆ ಕಲಾವಿದರು ಗೊರಗುಂಟೆಪಾಳ್ಯದ ಸಿಗ್ನಲ್‌ಗೆ ಬಂದಿದ್ದಾರೆ ಎಂದು ಆರೂವರೆಗೆ ಫೋನ್ ಬಂತು. ಏಳೂವರೆಗೂ ಅದೇ ಫೋನ್ ಬಂತು. ಅವರು ಅಲ್ಲೇ ಮನೆ ಮಾಡಿಕೊಳ್ಳುವ ಲಕ್ಷಣ ಕಾಣುತ್ತಿರುವುದರಿಂದ, ಅವರು ಮಾಡಬೇಕಿದ್ದ ಅಭಿನಂದನಾ ಭಾಷಣವನ್ನು ಕ್ರಾಸಿನ ಸಂಘದವರು ನನ್ನ ತಲೆಗೆ ಕಟ್ಟಿದ್ದಾರೆ. ಮೈಸೂರು ಪೇಟವನ್ನು ಮಾತ್ರ ಕಟ್ಟಿಲ್ಲ, ಅದು ಸನ್ಮಾನಿತರದ್ದು.

ಸನ್ಮಾನಿತರ ಹೆಸರನ್ನು ಮೈಕಿನಲ್ಲಿ ಹೇಳಕೂಡದೆಂದು ಅವರ ಪತ್ನಿ, ಅಂದರೆ ನಮ್ಮೆಲ್ಲರ ಅತ್ತಿಗೆಯವರ ಅಪ್ಪಣೆಯಾಗಿದೆ. ಪೀಣ್ಯ ಎರಡನೇ ಹಂತದ ವರ್ಕ್‌ಶಾಪೊಂದರಲ್ಲಿ ಸಿಎನ್‌ಸಿ ಮಷೀನ್ ಮುಂದೆ ನಿಂತು ಮೈಕ್ರಾನ್ ಲೆಕ್ಕದಲ್ಲಿ ತಪ್ಪು ಹಿಡಿಯುವ ಈ ಮಹನೀಯರು, ಮನೆಗೆ ಬಂದು ಟಿವಿ ಮುಂದೆ ಕೂತರೆಂದರೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಯಾವ ಕಾರ್ಯಕ್ರಮವನ್ನೂ ಮೊದಲಿನಿಂದ ನೋಡಿದವರಲ್ಲ, ಯಾವುದನ್ನೂ ಕೊನೆ ಮುಟ್ಟಿಸಿದವರಲ್ಲ. ಜಾಹೀರಾತು ಬಂದ ಕೂಡಲೇ ಚಾನೆಲ್ ಬದಲಿಸುತ್ತಾರೆ. ಬದಲಿಸಿದ ಕಡೆ ಜಾಹೀರಾತು ಬರುವವರೆಗೆ ಅಲ್ಲೇ ಇರುತ್ತಾರೆ. ಹೀಗಾಗಿ ರಾತ್ರಿಯ ಒಂದೇ ಊಟದಲ್ಲಿ ಒಂದು ಧಾರಾವಾಹಿಯ ನಿಶ್ಚಿತಾರ್ಥಕ್ಕೆ ಹೋಗಿ, ಇನ್ನೊಂದರ ಸೀಮಂತ ಮುಗಿಸಿ, ಮಜ್ಜಿಗೆ ಅನ್ನಕ್ಕೆ ಬರುವ ಹೊತ್ತಿಗೆ ಮೂರನೆಯದರ ವೈಕುಂಠ ಸಮಾರಾಧನೆಯಲ್ಲಿ ಕೂತಿರುತ್ತಾರೆ. ಇಷ್ಟಾದರೂ ಇವರಿಗೆ ಅಭಿಪ್ರಾಯವಿಲ್ಲದ ಹಾಸ್ಯ ಕಾರ್ಯಕ್ರಮ ಕನ್ನಡದಲ್ಲಿ ಇನ್ನೂ ಹುಟ್ಟಿಲ್ಲ.

ಇಂಥವರಿಗೇಕೆ ಸನ್ಮಾನ ಎಂದು ಹಿಂದಿನ ಸಾಲಿನಿಂದ ಯಾರೋ ಗೊಣಗಿದರು. ಸ್ವಾಮಿ, ಯಾವ ಧಾರಾವಾಹಿ ಉಳಿಯಬೇಕು, ಯಾವುದು ಮುಗಿಯಬೇಕು ಎಂದು ತೀರ್ಮಾನಿಸುವ ಟಿಆರ್‌ಪಿ ಪ್ರತಿ ಗುರುವಾರ ಬಾರ್ಕ್ ಸಂಸ್ಥೆಯಿಂದ ಹೊರಡುತ್ತದೆ. ದೇಶದಲ್ಲಿ ಟಿವಿ ಇರುವ ಮನೆಗಳು ಸುಮಾರು 23 ಕೋಟಿ, ಅಳೆಯುವ ಮೀಟರು ಕೂತಿರುವುದು ಸುಮಾರು 58,000 ಮನೆಗಳಲ್ಲಿ. ಇದು 2025ರಲ್ಲಿ ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕ. ನಮ್ಮ ಸನ್ಮಾನಿತರ ಮನೆಯಲ್ಲಿರುವ ಮೀಟರು ಒಂದೇ, ಅದು ಬೆಸ್ಕಾಂನದ್ದು. ಅಂದರೆ ಇವರು ಇಷ್ಟು ವರ್ಷ ನಕ್ಕ ನಗು ಯಾರ ಲೆಕ್ಕದ ಪುಸ್ತಕಕ್ಕೂ ಏರಿಲ್ಲ. ಆ ಬಾಕಿಯನ್ನು ಈ ಸಂಜೆ ಶಾಲು, ಹಾರ, ಹಣ್ಣಿನ ಬುಟ್ಟಿಯ ರೂಪದಲ್ಲಿ ಚುಕ್ತಾ ಮಾಡುತ್ತಿದ್ದೇವೆ. ಈಗ ಸನ್ಮಾನ ಪತ್ರದ ವಾಚನ.

ಹೇ ಊಟದ ತಟ್ಟೆಯ ವಿಮರ್ಶಕರೇ!

ತಾವು ದೂರದರ್ಶನದ ಕಾಲದವರು. ರಮೇಶ್ ಭಟ್ಟರ ‘ಕ್ರೇಜಿ ಕರ್ನಲ್’ ಹೆಸರು ತೆಗೆದರೆ ಈಗಲೂ ತಮ್ಮ ಬೆನ್ನು ನೆಟ್ಟಗಾಗುತ್ತದೆ. ‘ಸಿಹಿಕಹಿ’ ಎನ್ನುವ ಧಾರಾವಾಹಿ ಮುಗಿದು ದಶಕಗಳಾದರೂ ಅದು ಚಂದ್ರು ಅವರ ಹೆಸರಿನ ಮುಂದಿನ ಸೀಟನ್ನು ಇನ್ನೂ ಖಾಲಿ ಮಾಡಿಲ್ಲವೆಂದು ತಾವು ಆಗಾಗ ನೆನಪಿಸುತ್ತೀರಿ. ಅದೇ ಚಂದ್ರು ನಿರ್ದೇಶಿಸಿದ ‘ಪಾಪ ಪಾಂಡು’ ಈಟಿವಿಯಲ್ಲಿ ಬರುತ್ತಿದ್ದಾಗ, ಚಿದಾನಂದ್ ಹೆಂಡತಿಯ ಕೈಲಿ ಒದೆ ತಿನ್ನುವುದನ್ನು ನೋಡಿ ತಾವು ಬಿದ್ದು ಬಿದ್ದು ನಕ್ಕಿರಿ. 2018ರಲ್ಲಿ ಪಾಂಡು ಕಲರ್ಸ್ ಸೂಪರ್‌ನಲ್ಲಿ ಮತ್ತೆ ಬಂದಾಗ ಮಾತ್ರ ‘ಮೊದಲಿನ ಮಜಾ ಇಲ್ಲ’ ಎಂದು ತೀರ್ಪು ಕೊಟ್ಟಿರಿ. ಪಾಂಡು ಅದೇ, ಶ್ರೀಮತಿಯಾಗಿ ಶಾಲಿನಿಯವರೂ ಅವರೇ. ಬದಲಾದದ್ದು ಏನೆಂದು ಅತ್ತಿಗೆಯವರನ್ನು ವಿಚಾರಿಸಿದೆ. ‘ಮೊದಲ ಸಲ ಬಂದಾಗ ಇವರಿಗೆ ಮದುವೆಯಾಗಿರಲಿಲ್ಲ’ ಅಂದರು.

ಆದರೆ ತಮ್ಮ ವಿಮರ್ಶೆಯ ಶಿಖರವನ್ನು ನಾವು ಕಂಡದ್ದು ‘ಸಿಲ್ಲಿ ಲಲ್ಲಿ’ಯ ವಿಷಯದಲ್ಲಿ. ಮುಂದೆ ‘ಸಿದ್ಲಿಂಗು’, ‘ನೀರ್ ದೋಸೆ’ ಸಿನಿಮಾ ಮಾಡಿದ ವಿಜಯಪ್ರಸಾದ್ ನಿರ್ದೇಶಿಸಿದ ಧಾರಾವಾಹಿ ಅದು. ರವಿಶಂಕರ್ ಗೌಡ ಡಾಕ್ಟರ್ ವಿಠ್ಠಲರಾವ್ ಆಗಿದ್ದರು, ಮಂಜು ಭಾಷಿಣಿ ಸಮಾಜ ಸೇವಕಿ ಲಲಿತಾಂಬ. ತಮ್ಮ ಪ್ರಕಾರ ಆ ಧಾರಾವಾಹಿ ಕರ್ನಾಟಕಕ್ಕೆ ಮಾಡಿದ ಉಪಕಾರವೂ ಅಪಕಾರವೂ ಒಂದೇ: ಅದನ್ನು ನೋಡಿದವರು ‘ಸಮಾಜ ಸೇವಕರು’ ಎಂಬ ಬಿರುದನ್ನು ಮುಖ ಗಂಭೀರವಾಗಿಟ್ಟುಕೊಂಡು ಓದಲಾರರು. ಇದು ಬೇರೆ ಬಡಾವಣೆಗಳಿಗೆ ಸಣ್ಣ ವಿಷಯವಿರಬಹುದು. ನಮ್ಮ ವಾರ್ಡಿಗೆ ಹಾಗಲ್ಲ. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಆಮೇಲೆ ಚುನಾವಣೆ ಇವತ್ತು, ನಾಳೆ ಎನ್ನುತ್ತ ವರ್ಷಗಳುರುಳಿದವು. ಬಿಬಿಎಂಪಿಯೇ ಹೋಗಿ ಗ್ರೇಟರ್ ಬೆಂಗಳೂರು ಬಂತು. ಈ ಅವಧಿಯಲ್ಲಿ ಟಿಕೆಟ್ ಆಸೆಯಿದ್ದವರು ಏನು ಮಾಡಬೇಕು? ಮಾಜಿ ಎನ್ನಲು ಗೆದ್ದಿಲ್ಲ, ಭಾವಿ ಎನ್ನಲು ತಾರೀಕಿಲ್ಲ. ಅಷ್ಟೂ ಜನ ಫ್ಲೆಕ್ಸಿನಲ್ಲಿ ‘ಸಮಾಜ ಸೇವಕರು’ ಆದರು. ಹಬ್ಬಕ್ಕೊಂದು ಫ್ಲೆಕ್ಸ್, ಹುಟ್ಟುಹಬ್ಬಕ್ಕೆ ನಾಲ್ಕು. ಹೆಗ್ಗನಹಳ್ಳಿ ಕ್ರಾಸಿನಲ್ಲಿ ಅವುಗಳ ಕೆಳಗೆ ನಿಂತು ತಾವು ಒಬ್ಬರೇ ಕಿಸಕ್ಕನೆ ನಗುವುದನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ. ನಾವು ಆಗುವುದಿಲ್ಲ. (ವೇದಿಕೆಯ ಮೇಲಿರುವ ಸಮಾಜ ಸೇವಕರು ಇದನ್ನು ವೈಯಕ್ತಿಕವಾಗಿ ತೆಗೆದುಕೊಳ್ಳಬಾರದೆಂದು ವಿನಂತಿ. ಕುರ್ಚಿ ಬಾಡಿಗೆಯ ಅರ್ಧ ಅವರದೇ.)

ಎಲೈ ಗೋಡೆಯಾಚೆಯ ರಸಿಕರೇ!

ತಾವು ಈಗಿನ ಧಾರಾವಾಹಿಗಳ ಮೇಲೆ ಹೊರಿಸಿರುವ ಮುಖ್ಯ ಆರೋಪವೆಂದರೆ ಅಲ್ಲಿನ ಮನೆಗಳು ದೊಡ್ಡವು ಎಂಬುದು. ಮೊದಲು ಕೇಳಿದಾಗ ನಮಗೆ ಇದು ಬಾಡಿಗೆದಾರನ ಹೊಟ್ಟೆಕಿಚ್ಚು ಅನ್ನಿಸಿತ್ತು. ತಾವು ಬಿಡಿಸಿ ಹೇಳಿದ ಮೇಲೆ ಅರ್ಥವಾಯಿತು. ನಗೆ ಹುಟ್ಟಲು ಜನ ಒಬ್ಬರನ್ನೊಬ್ಬರು ತಪ್ಪಿಸಿಕೊಳ್ಳಲಾಗದಂತಿರಬೇಕು. ಸಾಲ ಕೊಟ್ಟವನು ಬಂದರೆ ಅವಿತುಕೊಳ್ಳಲು ಒಂದೇ ಬಚ್ಚಲಿರಬೇಕು, ಅದರೊಳಗೆ ಆಗಲೇ ಇನ್ನೊಬ್ಬನಿರಬೇಕು. ಈಗಿನ ಧಾರಾವಾಹಿಯ ಹಾಲ್ ನಮ್ಮ ಇಡೀ ಕ್ರಾಸಿನಷ್ಟು ಅಗಲ. ಅತ್ತೆ ಒಂದು ತುದಿಯಲ್ಲಿ ಸಂಚು ಮಾಡಿದರೆ ಸೊಸೆಗೆ ಕೇಳಿಸುವುದು ಹೇಗೆ? ಅದಕ್ಕೇ ಪಾಪ, ಅತ್ತೆ ಮನಸ್ಸಿನ ಮಾತನ್ನು ಕ್ಯಾಮೆರಾಕ್ಕೆ ತಿರುಗಿ ಜೋರಾಗಿ ಆಡಬೇಕು. ಆ ಮನೆಯ ಮಹಡಿ ಮೆಟ್ಟಿಲು ಇಳಿಯುವುದರೊಳಗೆ ಬ್ರೇಕ್ ಬರುತ್ತದೆ.

ತಾವು ವಾಸವಿರುವ ಬಿಲ್ಡಿಂಗಿನ ಸಂಗತಿಯೇ ಬೇರೆ. ಕೆಳಗಿನ ಮನೆಯವರು ಹಾಸನ, ಮಹಡಿಯವರು ಕಲಬುರಗಿ, ಶೀಟ್ ಮನೆಯಲ್ಲಿ ಒಡಿಶಾದ ಹುಡುಗರು, ಎಲ್ಲರಿಗೂ ಸೇರಿ ಒಂದೇ ಸಂಪು, ಒಂದೇ ಮೋಟಾರ್ ಸ್ವಿಚ್. ಆ ಸ್ವಿಚ್ಚನ್ನು ಯಾರು ಆಫ್ ಮಾಡಲು ಮರೆತರು ಎಂಬ ವಿಚಾರಣೆ ಓನರ್ ಅಧ್ಯಕ್ಷತೆಯಲ್ಲಿ ತಿಂಗಳಿಗೊಮ್ಮೆಯಾದರೂ ನಡೆಯುತ್ತದೆ. ಕಲಬುರಗಿಯವರು ‘ಏನ್ ಹೇಳಾಕತ್ತೀರಿ ನೀವು’ ಅಂದರೆ ಓನರಿಗೆ ಅದು ಜಗಳ. ಅವರಿಗೆ ಅದು ಮಾತು. ಒಡಿಶಾದ ಹುಡುಗರು ಎಲ್ಲಕ್ಕೂ ‘ಗೊತ್ತಿಲ್ಲ ಅಣ್ಣ’ ಎನ್ನುತ್ತಾರೆ, ಅದನ್ನು ಮಾತ್ರ ಅಚ್ಚ ಕನ್ನಡದಲ್ಲಿ. ಆ ಹುಡುಗರ ಟಿವಿಯಿಂದ ರಾತ್ರಿಯೆಲ್ಲ ತೂರಿಬರುವುದು ‘ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ’. 2008ರ ಜುಲೈನಲ್ಲಿ ಶುರುವಾಗಿ 4,000 ಕಂತು ದಾಟಿದರೂ ಗೋಕುಲಧಾಮ ಸೊಸೈಟಿಯವರಿಗೆ ಬೇರೆ ಮನೆ ಸಿಕ್ಕಿಲ್ಲ. ಅದರ ಬೇರು ಗುಜರಾತಿ ವಾರಪತ್ರಿಕೆ ‘ಚಿತ್ರಲೇಖಾ’ದಲ್ಲಿ ತಾರಕ್ ಮೆಹ್ತಾ 1971ರಿಂದ ಬರೆದ ಹಾಸ್ಯ ಅಂಕಣದಲ್ಲಿದೆ. ತಾವು ಅದನ್ನು ಗೋಡೆಯ ಈಚೆಯಿಂದ ಕೇಳಿಯೇ ಅಷ್ಟಿಷ್ಟು ಹಿಂದಿ ಕಲಿತವರು. ‘ಬರೆಯುವವರು ಇದ್ದರೆ ಸೊಸೈಟಿ ಇರುತ್ತದೆ. ನಮ್ಮಲ್ಲಿ ರಾಶಿಯವರು 1942ರಲ್ಲೇ ಕೊರವಂಜಿ ಪತ್ರಿಕೆ ತಂದು ಇಪ್ಪತ್ತೈದು ವರ್ಷ ಕನ್ನಡದವರನ್ನು ನಗಿಸಿದರು. ಈಗ ಬರೆಯುವವರಿಗೆ ಚಾನೆಲಿನವರು ಒಂದು ಸಂಪು ಕೊಡಲಿ, ಸಾಕು’ ಎಂದು ತಾವು ಟೀ ಅಂಗಡಿಯಲ್ಲಿ ಆಡಿದ ಮಾತನ್ನು ಈ ಪತ್ರದಲ್ಲಿ ದಾಖಲಿಸಿದ್ದೇವೆ.

ಹಾಗೆಂದು ತಾವು ಈಗಿನದನ್ನೆಲ್ಲ ಒಂದೇ ಗಂಟು ಕಟ್ಟಿ ಎಸೆದವರಲ್ಲ. ‘ಪುಟ್ಟಕ್ಕನ ಮಕ್ಕಳು’ ಶುರುವಾದಾಗ ಉಮಾಶ್ರೀಯವರ ಮೆಸ್ ನೋಡಿ, ‘ಇಲ್ಲಿ ಗ್ಯಾಸ್ ಸಿಲಿಂಡರ್ ಮುಗಿಯುವ ಭಯ ಇದೆ, ಈ ಮನೆಯನ್ನು ನಂಬಬಹುದು’ ಎಂದಿರಿ. ‘ಭಾಗ್ಯಲಕ್ಷ್ಮಿ’ಯಲ್ಲಿ ಅತ್ತೆ ಕುಸುಮ ಸೊಸೆಯ ಪರ ನಿಂತು ಮಗನನ್ನೇ ತರಾಟೆಗೆ ತೆಗೆದುಕೊಂಡಾಗ, ಸೊಸೆ ಎಸ್ಸೆಸ್ಸೆಲ್ಸಿ ಓದಲು ಹೊರಟಾಗ, ತಾವು ಜಾಹೀರಾತು ಬಂದರೂ ಚಾನೆಲ್ ಬದಲಿಸಲಿಲ್ಲವೆಂದು ಅತ್ತಿಗೆಯವರು ಸಾಕ್ಷಿ ನುಡಿದಿದ್ದಾರೆ. ಈ ಎರಡು ಧಾರಾವಾಹಿಗಳೂ ಹಾಸ್ಯ ಎಂದು ಹೇಳಿಕೊಂಡವಲ್ಲ. ಹಾಸ್ಯ ಎಂದು ಬೋರ್ಡು ಹಾಕಿಕೊಂಡವುಗಳ ಮುಂದೆ ಕೂತರೆ ಮಾತ್ರ ತಾವು ಸಾರಿಗೆ ಉಪ್ಪು ಕಡಿಮೆ ಎಂದು ಗಮನಿಸುತ್ತೀರಿ.

ಆ ಬೋರ್ಡಿನವುಗಳ ಬಗ್ಗೆ ತಮ್ಮ ನಿಲುವು ಎರಡು ಬಗೆಯದು, ಎರಡನ್ನೂ ತಾವು ಒಂದೇ ಉಸಿರಿನಲ್ಲಿ ಹೇಳುತ್ತೀರಿ. 2016ರಲ್ಲಿ ಜೀ ಕನ್ನಡದ ‘ಕಾಮಿಡಿ ಕಿಲಾಡಿಗಳು’ ಬಂದಾಗ ಕೆ.ಆರ್. ಪೇಟೆ ಶಿವರಾಜ್ ಮಂಡ್ಯದ ಮಾತನ್ನು ತಿದ್ದದೆ, ತೀಡದೆ ಆಡಿ ಗೆದ್ದರು. ಅವರ ಹಿಂದೆಯೇ ಕರಾವಳಿ, ಉತ್ತರ ಕರ್ನಾಟಕದ ಮಾತುಗಳು ಬಂದವು. ಟಿವಿಯಲ್ಲಿ ಅಲ್ಲಿಯವರೆಗೆ ಅಂಥ ಕನ್ನಡ ಅಡುಗೆಭಟ್ಟನಿಗೋ ಕಾರ್ ಡ್ರೈವರಿಗೋ ಮೀಸಲಾಗಿತ್ತು. ಇದನ್ನು ತಾವು ಎದ್ದು ನಿಂತು ಮೆಚ್ಚಿದ್ದೀರಿ. ಅದೇ ಉಸಿರಿನಲ್ಲಿ ತಮ್ಮ ಪ್ರಶ್ನೆ: ಚಾನೆಲ್ ಯಾವುದಾದರೇನು, ಸ್ಕಿಟ್ ಸೋಲುತ್ತಿದೆ ಅನ್ನಿಸಿದೊಡನೆ ಒಬ್ಬ ಗಂಡಸಿಗೆ ಸೀರೆ ಉಡಿಸಿ ತಳ್ಳುವುದೇಕೆ? ಯಕ್ಷಗಾನದಲ್ಲಿ ಸ್ತ್ರೀವೇಷ ಹಾಕಿದವರನ್ನು ಕಂಡು ಊರು ಕೈಮುಗಿಯುತ್ತದೆ. ಇಲ್ಲಿ ಸೀರೆ ಉಟ್ಟದ್ದೇ ಜೋಕು. ದಪ್ಪಗಿದ್ದರೆ ಒಂದು ಜೋಕು, ಕಪ್ಪಗಿದ್ದರೆ ಇನ್ನೊಂದು, ಕುಳ್ಳಗಿದ್ದರೆ ಇಡೀ ಸಂಚಿಕೆ. ತಾವು ಸ್ವತಃ ಈ ಮೂರೂ ಆಗಿರುವುದರಿಂದ ಈ ಟೀಕೆಯಲ್ಲಿ ಸ್ವಾರ್ಥವಿದೆ ಎಂದು ಕೆಲವರು ಆಡಿಕೊಂಡಿದ್ದಾರೆ. ಇರಲಿ, ನ್ಯಾಯ ಕೇಳಲು ಸ್ವಾರ್ಥ ಅಡ್ಡಿಯಲ್ಲ.

ಇನ್ನು ಪ್ರತಿ ಜೋಕಿನ ಬೆನ್ನಿಗೆ ಬರುವ ಆ ಟೊಯಿಂಯ್ ಟೊಯಿಂಯ್ ಸದ್ದು. ಅಮೆರಿಕದಲ್ಲಿ ಚಾರ್ಲಿ ಡಗ್ಲಸ್ ಎಂಬ ಸಿಬಿಎಸ್ ಕಂಪನಿಯ ಸೌಂಡ್ ಎಂಜಿನಿಯರು 1950ರ ದಶಕದಲ್ಲಿ ನಗುವಿನ ಪೆಟ್ಟಿಗೆ ಮಾಡಿದ. ಒಂದು ಕೀಲಿ ಒತ್ತಿದರೆ ಮುಸಿ ನಗು, ಇನ್ನೊಂದಕ್ಕೆ ಗಹಗಹ. ಪೆಟ್ಟಿಗೆಯ ಒಳಗೇನಿದೆಯೆಂದು ಯಾರೂ ಇಣುಕದಂತೆ ಬೀಗ ಹಾಕಿಡುತ್ತಿದ್ದ. ನಮ್ಮವರು ಆ ನಗುವಿನ ಜೊತೆಗೆ ಸ್ಪ್ರಿಂಗು, ತಮಟೆ, ಕತ್ತೆಯ ದನಿಯನ್ನೂ ಸೇರಿಸಿ ಬೀಗವನ್ನು ಕಳೆದುಹಾಕಿದ್ದಾರೆ. ದಿನವಿಡೀ ಪವರ್ ಪ್ರೆಸ್ಸಿನ ದಡಬಡ ಕೇಳಿ ಬಂದ ಕಿವಿಗೆ ಇದರಿಂದ ವಿಶ್ರಾಂತಿ ಸಿಗುತ್ತದೆಯೇ ಎಂಬುದನ್ನು ಕಾರ್ಮಿಕ ಇಲಾಖೆ ಪರಿಶೀಲಿಸಬೇಕೆಂದು ಈ ಸಭೆ ಒತ್ತಾಯಿಸುತ್ತದೆ.

‘ಮಜಾ ಟಾಕೀಸ್’ ಬಗ್ಗೆ ತಾವು ಏನೇನೋ ಅಂದಿದ್ದೀರಿ. ಸೃಜನ್ ಲೋಕೇಶ್ ಮಾತು ಹೆಚ್ಚಾಯಿತು, ಅತಿಥಿಯ ಸಿನಿಮಾ ಪ್ರಚಾರ ಅದಕ್ಕಿಂತ ಹೆಚ್ಚಾಯಿತು ಎಂದೆಲ್ಲ. ಒಂದು ವಿಷಯದಲ್ಲಿ ಮಾತ್ರ ತಮ್ಮ ದನಿ ಎಂದೂ ಬದಲಾಗಲಿಲ್ಲ. ಇಂಥ ಸಭೆಗಳನ್ನು ಒಂದೂ ಕಾಗುಣಿತ ತಪ್ಪದ ಕನ್ನಡದಲ್ಲಿ ನಡೆಸಿಕೊಡುತ್ತಿದ್ದ ಅಪರ್ಣಾ, ಅಲ್ಲಿ ವರಲಕ್ಷ್ಮಿಯಾಗಿ ಬಂದು ಆ ಶಿಷ್ಟ ಕನ್ನಡವನ್ನೇ ಅಟ್ಟಹಾಸ ಮಾಡಿ ಕುಣಿಸಿದರು. ನಮ್ಮ ಮೆಟ್ರೊದಲ್ಲಿ ನಿಲ್ದಾಣಗಳ ಹೆಸರು ಹೇಳುವ ದನಿಯೂ ಅವರದೇ. 2024ರ ಜುಲೈನಲ್ಲಿ ಅವರು ತೀರಿಕೊಂಡ ಮೇಲೆ ಒಂದು ಬೆಳಿಗ್ಗೆ ‘ಮುಂದಿನ ನಿಲ್ದಾಣ ಪೀಣ್ಯ’ ಎಂದು ಕೇಳಿಸಿದಾಗ ತಾವು ಇಳಿಯದೆ ದಾಸರಹಳ್ಳಿಯವರೆಗೆ ಹೋಗಿ, ವರ್ಕ್‌ಶಾಪಿನಲ್ಲಿ ಅರ್ಧ ದಿನದ ಸಂಬಳ ಕಳೆದುಕೊಂಡಿರೆಂದು ತಿಳಿದುಬಂದಿದೆ. ನಿದ್ದೆ ಬಂದಿತ್ತು ಎಂದು ತಾವು ಹೇಳುತ್ತೀರಿ. ಸಂಘ ಅದನ್ನು ಒಪ್ಪಿಕೊಂಡಿದೆ.

ಇಂಥ ತಮಗೆ ಸಮಸ್ತ ನಾಗರಿಕರ ಪರವಾಗಿ ಮೈಸೂರು ಪೇಟ, ರೇಷ್ಮೆಯಂತೆಯೇ ಕಾಣುವ ಶಾಲು, ಫಲತಾಂಬೂಲ, ಮತ್ತು ಸ್ಮರಣಿಕೆಯಾಗಿ ರಿಮೋಟಿಗೆ ಎರಡು ಹೊಸ ಸೆಲ್ಲುಗಳನ್ನು ಅರ್ಪಿಸುತ್ತಿದ್ದೇವೆ.

ಪ್ರದಾನಕ್ಕೆ ಮುನ್ನ ದಾನಿಗಳ ಸ್ಮರಣೆ ನಮ್ಮ ಕರ್ತವ್ಯ. ಪೆಂಡಾಲ್ ಕೊಟ್ಟವರು, ಕುರ್ಚಿ ಕೊಟ್ಟವರು, ಕುರ್ಚಿಯ ಅರ್ಧ ಬಾಡಿಗೆ ಕೊಟ್ಟವರು, ಪುಳಿಯೋಗರೆಯ ಸೇವಾಕರ್ತರು, ಜನರೇಟರ್ ಕೊಟ್ಟು ಡೀಸೆಲ್ ಕೊಡದವರು, ಇವರೆಲ್ಲರ ಅಂಗಡಿ ಮುಂಗಟ್ಟುಗಳ ವಿಳಾಸ, ಅಲ್ಲಿ ಸಿಗುವ ವಸ್ತುಗಳು, ಹಬ್ಬದ ರಿಯಾಯಿತಿ ವಿವರಗಳನ್ನು ಕಾರ್ಯದರ್ಶಿಗಳು ಈಗ ಓದುತ್ತಾರೆ. ಹನ್ನೆರಡೇ ಪುಟ ಇದೆ, ದಯವಿಟ್ಟು ಯಾರೂ ಏಳಬಾರದು.

ಓದಿ ಕಾರ್ಯದರ್ಶಿಗಳೇ... ಒಂದು ನಿಮಿಷ. ಸನ್ಮಾನಿತರು ಎಲ್ಲಿ? ಈಗ ಇಲ್ಲೇ ಕೂತಿದ್ದರಲ್ಲ? ಏನಂದಿರಿ ಅತ್ತಿಗೆ, ಮೈಕಿಗೆ ಕೇಳುವ ಹಾಗೆ ಹೇಳಿ. ಪಕ್ಕದ ಕ್ರಾಸಿನವರ ರಾಜ್ಯೋತ್ಸವದಲ್ಲಿ ಆರ್ಕೆಸ್ಟ್ರಾ ಶುರುವಾಯಿತಂತೆ, ಅಲ್ಲಿಗೆ ಹೋದರಂತೆ. ಅಲ್ಲಿ ದಾನಿಗಳ ಹೆಸರು ಓದುವುದಕ್ಕೆ ಶುರು ಮಾಡಿದ ಕೂಡಲೇ ಇಲ್ಲಿಗೆ ಬರುತ್ತಾರಂತೆ.