ಬೈದರೂ ಕನ್ನಡದಾಗ ಬೈರಿ

ಗಿರಾಕಿಯೇ ದೇವರು ಎಂಬ ಮಾತನ್ನು ನಮ್ಮ ಕೇಶ್ವಾಪುರದ ವ್ಯಾಪಾರಿಗಳು ಯಾವತ್ತೂ ಒಪ್ಪಿಕೊಂಡಿಲ್ಲ. ಒಪ್ಪಿಕೊಂಡಿದ್ದರೂ ಗಿರಾಕಿಯ ಭಾಗ್ಯವೇನೂ ತೆರೆಯುತ್ತಿರಲಿಲ್ಲ. ಹುಬ್ಬಳ್ಳಿಯಲ್ಲಿ ದೇವರಿಗೂ ಏಕವಚನವೇ. ಮಳೆ ತಡವಾದರೆ 'ಎಲ್ಲಿ ಹಾಳಾಗಿ ಹೋದ್ಯೋ ಹನುಮಪ್ಪಾ' ಎಂದು ಗುಡಿಯ ಕಟ್ಟೆಯ ಮೇಲೆ ನಿಂತೇ ಕೇಳುವ ಜನ, ಅರ್ಧ ಕಿಲೋ ಬದನೆಕಾಯಿ ಕೊಳ್ಳಲು ಬಂದವನಿಗೆ ಮಂಗಳಾರತಿ ಎತ್ತುತ್ತಾರೆಯೇ? ಎತ್ತುತ್ತಾರೆ. ಆದರೆ ಅದು ಬೇರೆ ಮಂಗಳಾರತಿ.

ಸಂಜೆ ಸರ್ವೋದಯ ಸರ್ಕಲ್ ಆಸುಪಾಸಿನಲ್ಲಿ ಕಾಯಿಪಲ್ಲೆ ಗಾಡಿಯ ಮುಂದೆ ನಿಂತು ಒಂದು ಟೊಮೆಟೊ ಒತ್ತಿ ನೋಡಿ. 'ಅದರ ಗಲ್ಲಾ ಯಾಕ ಹಿಂಡ್ತೀರಿ ಸರ, ಮದಿವಿ ಆಗಾವ್ರೇನು?' ಎಂಬ ಪ್ರಶ್ನೆ ಬರುತ್ತದೆ. ಕಿರಾಣಿ ಅಂಗಡಿಯಲ್ಲಿ ಕಡ್ಡಿಪೆಟ್ಟಿಗೆಗೆ ಐನೂರರ ನೋಟು ಕೊಟ್ಟರೆ, 'ಇದನ್ನ ಮುರಿಸಾಕ ನಾ ಏನ್ ಬ್ಯಾಂಕ್ ತಗದೀನೇನ್ರಿ?' ಸಾವಜಿ ಖಾನಾವಳಿಯಲ್ಲಿ ಕೂತು ಖಾರ ಸ್ವಲ್ಪ ಕಡಿಮೆ ಇರಲಿ ಅಂದವರ ಗತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಲ್ಲೆಯ ಮೇಲಿದ್ದ ಹಿರಿಯರು ತಲೆಯನ್ನೂ ಎತ್ತದೆ, 'ಖಾರ ಬ್ಯಾಡಾದ್ರ ಮನ್ಯಾಗ ಮಸರನ್ನ ಉಣ್ಣೂದು. ಇಲ್ಲಿತನಾ ಯಾಕ ಬಂದ್ರಿ, ಆಟೋ ರೊಕ್ಕಾ ದಂಡ' ಎಂದರು. ಗಿರಾಕಿಯ ಆಟೋ ರೊಕ್ಕದ ಬಗ್ಗೆ ಇಷ್ಟು ಕಾಳಜಿ ಬೇರೆ ಯಾವ ಊರಿನ ಹೋಟೆಲಿನವರಿಗಿದೆ? ಅದೇ ಹಿರಿಯರು ಎರಡನೆಯ ರೊಟ್ಟಿಗೇ ಸಾಕು ಅಂದವನನ್ನು 'ಈ ಪರಿ ಉಂಡ್ರ ಹೆಂಗ ಬದುಕ್ತಿ' ಎಂದು ಬೈದು ಮೂರನೆಯದನ್ನು ಹಾಕಿಸಿದ್ದೂ ಉಂಟು, ಅದಕ್ಕೆ ದುಡ್ಡು ಹಚ್ಚಿದ್ದೂ ಉಂಟು.

ಇದನ್ನು ಒರಟುತನ ಎನ್ನುವವರು ಕುಸುಗಲ್ ರಸ್ತೆಯ ಕಡೆ ಎದ್ದಿರುವ ಅಪಾರ್ಟ್‌ಮೆಂಟುಗಳಿಗೆ ಹೊಸದಾಗಿ ಬಂದವರು. ಅವರನ್ನೂ ದೂರುವಂತಿಲ್ಲ. ನಮ್ಮ ಸಾದಾ ಮಾತಿನ ಧಾಟಿಯೇ ಹಾಗೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ನಾನು ಬನಿಯನ್ನಿನ ಬೆಲೆ ವಿಚಾರಿಸುತ್ತಿದ್ದಾಗ ಮ್ಯಾನೇಜರು ಒಳಗಿನಿಂದ ಓಡಿ ಬಂದು, 'ಸಾರ್, ಜಗಳ ಬೇಡ, ಏನಿದ್ದರೂ ಕೂತು ಮಾತಾಡೋಣ' ಎಂದು ನೀರು ಕೊಟ್ಟಿದ್ದರು. ನನಗೆ ಬೇಕಾಗಿದ್ದದ್ದು ತೊಂಬತ್ತರ ಸೈಜು.

ಕೇಶ್ವಾಪುರವೆಂದರೆ ಹುಬ್ಬಳ್ಳಿಯೊಳಗಿನ ಇನ್ನೊಂದು ಊರು ಎನ್ನುವುದು ಹೊರಗಿನವರಿಗೆ ಬೇಗ ಗೊತ್ತಾಗುವುದಿಲ್ಲ. ಮಗ್ಗುಲಲ್ಲೇ ರೈಲ್ವೆ ಇದೆ. ರೈಲ್ವೆಯ ಹಿಂದಿನಿಂದ ತಮಿಳರು ಬಂದರು, ತೆಲುಗರು ಬಂದರು, ಆಂಗ್ಲೋ ಇಂಡಿಯನ್ನರು ಬಂದರು, ಅವರ ಜೊತೆ ಚರ್ಚುಗಳ ಗಂಟೆ ಬಂತು. ವ್ಯಾಪಾರದ ಹಿಂದಿನಿಂದ ಮಾರವಾಡಿಗಳು, ಗುಜರಾತಿಗಳು. ಮರಾಠಿ, ಕೊಂಕಣಿ, ದಖನಿ ಉರ್ದು, ಸಾವಜಿಯವರ ಮನೆಮಾತು ಮೊದಲಿಂದ ಇದ್ದವೇ. ಇಷ್ಟು ಭಾಷೆಗಳು ಒಂದೇ ನಳದ ಮುಂದೆ ಕೊಡ ಹಿಡಿದು ನಿಂತರೆ ಏನಾಗಬೇಕೋ ಅದೇ ಆಯಿತು. ಎಲ್ಲರೂ ಹುಬ್ಬಳ್ಳಿ ಕನ್ನಡದಲ್ಲಿ ಬೈಯಲು ಕಲಿತರು. ವ್ಯಾಕರಣ, ವರ್ಣಮಾಲೆ ಆಮೇಲೆ ಬಂದವು. ಕೆಲವರಿಗೆ ಬರಲೇ ಇಲ್ಲ.

ರೈಲ್ವೆಯವರಿಗೆ ಮಾತ್ರ ಇನ್ನೊಂದು ತರಬೇತಿಯೂ ಇತ್ತು, ಬೈಸಿಕೊಳ್ಳುವುದು. ಸದರ್ನ್ ಮರಾಠಾ ರೈಲ್ವೆ 1882ರಲ್ಲಿ ಹುಟ್ಟಿದ ಮೇಲೆ ಕಾರ್ಖಾನೆ ಹುಬ್ಬಳ್ಳಿಗೆ ಬಂತು, ಸಾಹೇಬರು ಧಾರವಾಡದಲ್ಲಿ ಕೂತರು. ಇವತ್ತು ಕರ್ನಾಟಕ ಕಾಲೇಜಿರುವ ಕಟ್ಟಡವೇ ಅವರ ಮುಖ್ಯ ಕಚೇರಿ. ಅಲ್ಲಿಂದ ಇಂಗ್ಲಿಷ್ ಬೈಗುಳ ಬರುತ್ತಿತ್ತು. 1908ರಲ್ಲಿ ಕಂಪನಿ ಮದ್ರಾಸಿನದರೊಂದಿಗೆ ಕೂಡಿಕೊಂಡಿತು, ಬೈಗುಳಕ್ಕೆ ತಮಿಳಿನ ಒಗ್ಗರಣೆ ಬಿತ್ತು. 1966ರಲ್ಲಿ ಹುಬ್ಬಳ್ಳಿ ವಿಭಾಗವನ್ನು ಹೊಸ ದಕ್ಷಿಣ ಮಧ್ಯ ರೈಲ್ವೆಗೆ ಸೇರಿಸಿದರು, ಇನ್ನು ಮೇಲೆ ಸಿಕಂದರಾಬಾದಿನಿಂದ ತೆಲುಗಿನಲ್ಲಿ. ಕಡೆಗೆ ನಮ್ಮವರು ಹೋರಾಟ ಮಾಡಿ, 2003ರ ಏಪ್ರಿಲ್ 1ರಿಂದ ನೈಋತ್ಯ ರೈಲ್ವೆಯ ಕೇಂದ್ರವನ್ನು ಹುಬ್ಬಳ್ಳಿಗೇ ತಂದರು. ಗದಗ ರಸ್ತೆಯಲ್ಲಿ ರೈಲ್ ಸೌಧ ಎದ್ದು ನಿಂತಿದೆ. ಮನೆ ಮುಂದೆಯೇ ಕಚೇರಿ, ಇನ್ನಾದರೂ ನಮ್ಮ ಮಾತಿನಲ್ಲಿ ಬೈಸಿಕೊಳ್ಳಬಹುದು ಎಂದು ಹಿಗ್ಗಿದ್ದೇವೆ, ಅಷ್ಟರಲ್ಲಿ ಸಾಹೇಬರು ಹಿಂದಿ ಮಾತಾಡತೊಡಗಿದ್ದರು.

ಈ ಚರಿತ್ರೆಯನ್ನು ನನಗೆ ಹೇಳಿದವರು ನಮ್ಮ ಓಣಿಯ ಗಾರ್ಡ್ ಮಾಮಾ. ಅವರ ಅಜ್ಜ ಅರಕ್ಕೋಣಂ ಕಡೆಯಿಂದ ಬಂದು ವರ್ಕ್‌ಶಾಪಿಗೆ ಸೇರಿದ್ದರಂತೆ. 2022ರಲ್ಲಿ ರೈಲ್ವೆ ತನ್ನ ಗಾರ್ಡುಗಳಿಗೆಲ್ಲ ಟ್ರೇನ್ ಮ್ಯಾನೇಜರ್ ಎಂದು ಮರುನಾಮಕರಣ ಮಾಡಿತು. ಅಷ್ಟೊತ್ತಿಗೆ ಮಾಮಾ ನಿವೃತ್ತರಾಗಿ ಗಾರ್ಡ್ ಆಗಿಯೇ ಉಳಿದುಬಿಟ್ಟಿದ್ದರು. ಪಿಂಚಣಿಯ ನೆಪದಲ್ಲಿ ಅವರು ದಿನಾ ನಮ್ಮ ಬ್ಯಾಂಕಿಗೆ ಹೋಗುತ್ತಾರೆ. ಪಿಂಚಣಿ ತಿಂಗಳಿಗೊಮ್ಮೆ ಬರುತ್ತದೆ. ಬ್ಯಾಂಕಿನ ಏಸಿ ದಿನಾ ಇರುತ್ತದೆ.

ಆ ಬ್ಯಾಂಕಿನ ಗೋಡೆಯ ಮೇಲೆ ಗ್ರಾಹಕನ ಮಹಿಮೆಯನ್ನು ಹೊಗಳುವ ಒಂದು ಫಲಕವಿದೆ. ದೇಶದ ಅದೆಷ್ಟೋ ಬ್ಯಾಂಕುಗಳಲ್ಲಿ ನೇತಾಡುವ ಫಲಕವೇ. 1890ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿ ಆಡಿದ ಮಾತು ಎಂದು ಕೆಳಗೆ ಬರೆದಿದೆ. 1890ರಲ್ಲಿ ಗಾಂಧೀಜಿ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದರು. ಆ ವರ್ಷ ನಡೆದದ್ದೆಂದರೆ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು, ಕಚೇರಿ ಶಾಲೆಗಳಲ್ಲಿ ಮರಾಠಿಯ ಅಬ್ಬರ ಸಾಕು ಎಂದು. ಗಾಂಧೀಜಿ ದಕ್ಷಿಣ ಆಫ್ರಿಕಾಕ್ಕೆ ಹೋದದ್ದು 1893ರಲ್ಲಿ. ಹೋದ ಕೆಲವೇ ದಿನಗಳಲ್ಲಿ, ಮೊದಲ ದರ್ಜೆಯ ಟಿಕೀಟು ಕೈಯಲ್ಲಿದ್ದರೂ, ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಅವರನ್ನು ರೈಲಿನಿಂದ ಹೊರದಬ್ಬಿದರು. ಗ್ರಾಹಕಸೇವೆಯ ಬಗ್ಗೆ ಅವರಿಗೆ ಸಿಕ್ಕ ಅನುಭವ ಇದು. ಮಾಮಾಗೆ ಇದನ್ನು ಹೇಳಿದರೆ ಇಲಾಖೆಯ ಮಾನ ಹೋದಂತೆ ಮುಖ ಸಣ್ಣದು ಮಾಡಿ, 'ಹುಬ್ಬಳ್ಳಿ ಗಾರ್ಡ್ ಇದ್ದಿದ್ರ ಬೈತಿದ್ದ, ಆದ್ರ ದಬ್ಬತಿದ್ದಿಲ್ಲ' ಅಂದರು.

ಫಲಕದ ಕೆಳಗಿನ ಕೌಂಟರಿಗೆ ಪಾಟ್ನಾ ಕಡೆಯ ಒಬ್ಬ ಹುಡುಗ ಅಧಿಕಾರಿಯಾಗಿ ಬಂದಿದ್ದ. ಮೀಸೆ ಇನ್ನೂ ಪೂರಾ ಬಂದಿರಲಿಲ್ಲ, ಸಾಲ ವಸೂಲಿಯ ಗುರಿ ಪೂರಾ ಬಂದಿತ್ತು. ಕನ್ನಡದ ಗಂಧವಿಲ್ಲ. ಅರ್ಜಿ, ಚಲನ್, ಪಾಸ್‌ಬುಕ್ ಇವೆಲ್ಲ ಇಂಗ್ಲಿಷ್, ಹಿಂದಿ ಮತ್ತು ಆಯಾ ಪ್ರಾಂತ್ಯದ ಭಾಷೆ ಮೂರರಲ್ಲೂ ಇರಬೇಕು ಎಂದು ರಿಸರ್ವ್ ಬ್ಯಾಂಕು ಕಟ್ಟಳೆ ಮಾಡಿದೆ. ಕಾಗದಕ್ಕೆ ಮೂರು ಭಾಷೆ ಕಡ್ಡಾಯ, ಕಾಗದದ ಹಿಂದೆ ಕೂತವನಿಗೆ ಒಂದು ಬಂದರೆ ನಡೆಯುತ್ತದೆ.

ಕುಸುಗಲ್ಲಿನ ರೈತ ಅಜ್ಜ ಒಬ್ಬರು ಹೆಸರಿನ ಬೆಳೆ ವಿಮೆಯ ರೊಕ್ಕ ಕೇಳಿಕೊಂಡು ಬರುತ್ತಿದ್ದರು. ಮಾಮಾ ಇಬ್ಬರ ನಡುವೆ ದುಭಾಷಿಯಾಗಿ ಕುರ್ಚಿ ಎಳೆದುಕೊಂಡಿದ್ದು ಯಾರೂ ಕರೆದು ಅಲ್ಲ. ಒಂದು ದಿನ ನಾನೂ ಪಾಳಿಯಲ್ಲಿದ್ದೆ.

'ರೋಜ್ ರೋಜ್ ಆಕೆ ದಿಮಾಗ್ ಕ್ಯೋಂ ಖಾತೇ ಹೈಂ?' ಎಂದ ಹುಡುಗ.

ಮಾಮಾ ಅಜ್ಜನ ಕಡೆ ತಿರುಗಿದರು. 'ಅಜ್ಜಾರ, ದಿನಾ ಇಷ್ಟು ದೂರ ಬಂದು ಯಾಕ ದಣಿತೀರಿ ಅಂತಾರ ಸಾಹೇಬ್ರು. ಅವರಿಗೆ ಭಾಳ ಕೆಟ್ಟ ಅನಸ್ತೈತಂತ.'

'ಕೆಟ್ಟ ಅನಸಾಕ ಅವರಪ್ಪನ ಗಂಟೇನ್ ಹೋಗೇತಿ? ಇವನ ಬಾಯಾಗ ಮಣ್ಣ ಹಾಕಲಿ!'

'ಸಾಬ್, ಆಪ್ ಕೇ ಪಿತಾಜೀ ಕೋ ಯಾದ್ ಕರ್ ರಹೇ ಹೈಂ,' ಎಂದರು ಮಾಮಾ ಕಣ್ಣು ಮಿಟುಕಿಸದೆ. 'ಮಿಟ್ಟೀ ಕೀ ಬಾತ್ ಭೀ ಕರ್ ರಹೇ ಹೈಂ. ಕಿಸಾನ್ ಹೈಂ ನಾ.'

ಹುಡುಗನಿಗೆ ಊರಿನ ತಂದೆ ನೆನಪಾದರೋ ಏನೋ, ಎದ್ದು ನಿಂತು ಅಜ್ಜನಿಗೆ ಕೈಮುಗಿದ. ಅಜ್ಜ ಕರಗಿಹೋದರು. 'ಹುಡುಗ ಒಳ್ಳೇಂವ ಅದಾನ. ಮ್ಯಾಲಿನವರು ಸರಿ ಇಲ್ಲ' ಎಂದು ಪಟಗಾ ಸರಿಮಾಡಿಕೊಂಡು ಹೊರಟರು. ವಿಮೆಯ ರೊಕ್ಕ ಮಾತ್ರ ಕಂಪ್ಯೂಟರಿನಲ್ಲಿ ಪೆಂಡಿಂಗ್ ಎಂದೇ ಇತ್ತು. ರಾಜತಂತ್ರದಿಂದ ಯುದ್ಧ ನಿಲ್ಲಿಸಬಹುದು, ಪೆಂಡಿಂಗ್ ನಿಲ್ಲಿಸಲಾಗದು.

2025ರ ಮೇ ತಿಂಗಳಲ್ಲಿ ಆನೇಕಲ್ ಕಡೆಯ ಬ್ಯಾಂಕ್ ಶಾಖೆಯೊಂದರಲ್ಲಿ ಅಧಿಕಾರಿಯೊಬ್ಬರು ತಾವು ಕನ್ನಡ ಮಾತಾಡುವುದಿಲ್ಲ, ಇದು ಇಂಡಿಯಾ ಎಂದು ಗ್ರಾಹಕರೊಡನೆ ವಾದಿಸಿದ ವಿಡಿಯೋ ಊರೆಲ್ಲ ಹರಿದಾಡಿತು. ಮುಖ್ಯಮಂತ್ರಿಗಳು ಖಂಡಿಸಿದರು, ಬ್ಯಾಂಕು ಅವರನ್ನು ವರ್ಗ ಮಾಡಿತು. ನಮ್ಮ ಬ್ಯಾಂಕಿನ ಪಾಳಿಯಲ್ಲೂ ವಾರಗಟ್ಟಲೆ ಅದೇ ಚರ್ಚೆ. ಮಾಮಾಗೆ ಹತ್ತಿದ ಸಿಟ್ಟು ವಿಚಿತ್ರವಾಗಿತ್ತು. 'ಇಂಡಿಯಾ ಅಂತ ನಮಗ ಹೇಳಿಕೊಡ್ತಾರ! ಆ ಇಂಡಿಯಾದ ಬಾವುಟಾ ಹೊಲಿಯೂದ ನಮ್ಮ ಬೆಂಗೇರ್ಯಾಗ!' ನಿಜವೇ. ಕೇಶ್ವಾಪುರದ ಪಕ್ಕದ ಬೆಂಗೇರಿಯ ಖಾದಿ ಸಂಘದಲ್ಲೇ ಖಾದಿಯ ರಾಷ್ಟ್ರಧ್ವಜ ತಯಾರಾಗಿ ದೇಶಕ್ಕೆಲ್ಲ ಹೋಗುತ್ತದೆ.

ಕೌಂಟರಿನಲ್ಲಿ ಮನುಷ್ಯನಾದರೂ ಇರುತ್ತಾನೆ. ನನ್ನ ನಿಜವಾದ ತಕರಾರು ಫೋನಿನಲ್ಲಿರುವ ಬಾಯಿಯ ಮೇಲೆ. ಗ್ಯಾಸಿನದೋ ಕಾರ್ಡಿನದೋ ದೂರು ಹೇಳಲು ನಂಬರು ತಿರುಗಿಸಿದರೆ, ಕನ್ನಡಕ್ಕಾಗಿ ಇಂಥದ್ದನ್ನು ಒತ್ತಿ ಎನ್ನುತ್ತಾಳೆ. ಒತ್ತಿದೆವು. ನಮ್ಮ ಕರೆ ಅವರಿಗೆ ಬಹಳ ಮುಖ್ಯವಂತೆ. ಎಷ್ಟು ಮುಖ್ಯವೆಂದರೆ ಎತ್ತಲು ಧೈರ್ಯವೇ ಬರುವುದಿಲ್ಲ. ಪಿಟೀಲು ಮುಗಿದ ಮೇಲೆ ಎತ್ತಿದವನು 'ಹಾಂ ಜೀ, ಬೋಲಿಯೇ' ಎನ್ನುತ್ತಾನೆ. ನಮ್ಮ ಮನೆಯಾಕೆ ಒಮ್ಮೆ ಆ ಮುದ್ರಿತ ಧ್ವನಿಯ ಹುಡುಗಿಗೇ 'ನಿಮ್ಮವ್ವ ನಿನಗ ಬರೇ ಇಷ್ಟ ಕಲಿಸ್ಯಾಳೇನ?' ಎಂದು ಕೇಳಿದಳು. ಆಕೆ ಸಿಟ್ಟಾಗಲಿಲ್ಲ. ಎದುರುತ್ತರ ಕೊಡಲಿಲ್ಲ. ಒಂಬತ್ತನ್ನು ಒತ್ತಲು ಹೇಳಿದಳು. ಬೈದರೆ ತಿರುಗಿ ಬೈಯದವರ ಹತ್ತಿರ ಹುಬ್ಬಳ್ಳಿಯವರು ವ್ಯವಹಾರ ಮಾಡುವುದು ಹೇಗೆ? ರೈಲ್ವೆಯೂ ಹೀಗೆಯೇ. 1,507 ಮೀಟರ್ ಉದ್ದದ ನಮ್ಮ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಯವರೆಗೆ ಮೂರು ಭಾಷೆಗಳಲ್ಲಿ ವಿಷಾದಿಸುತ್ತಾರೆ, ವಿಷಾದಿಸುವವರ ಮುಖವನ್ನು ಇಂದಿನವರೆಗೆ ಯಾರೂ ಕಂಡಿಲ್ಲ. ಇದಕ್ಕಿಂತ ಟೊಮೆಟೊ ಗಾಡಿಯವನ ಬಾಯಿ ಎಷ್ಟೋ ಮೇಲು. ಅವನು ನನ್ನನ್ನು ನೋಡಿ ಬೈಯುತ್ತಾನೆ.

ನಡುವೆ ಮಾಮಾ ಮೊಮ್ಮಗಳ ನಾಮಕರಣಕ್ಕೆಂದು ಚೆನ್ನೈಗೆ ಹೋದರು. ಅಲ್ಲಿನ ಆಟೋದವನು ಅವರ ಕೇಶ್ವಾಪುರದ ತಮಿಳು ಕೇಳಿ, ಯಾವ ದೇಶದವರು ಎಂದು ವಿಚಾರಿಸಿ, ಪರದೇಶದವರ ದರ ಹಚ್ಚಿದನಂತೆ. ಸಿಟ್ಟಿನಲ್ಲಿ ಬಾಯಿಂದ ಹುಬ್ಬಳ್ಳಿ ಕನ್ನಡ ಹೊರಟಿತು. ಆಗ ಅವನು ಅರ್ಧಕ್ಕೆ ಇಳಿಸಿದನಂತೆ. ಅರ್ಥವಾಗಿ ಅಲ್ಲ, ಹೆದರಿ.

ಇತ್ತ ಬ್ಯಾಂಕಿನಲ್ಲಿ ದುಭಾಷಿ ಇಲ್ಲದೆ ಹುಡುಗ ಕಂಗಾಲಾಗಿದ್ದ. ಪಾಪ, ಬುದ್ಧಿವಂತ. ಎದುರಿನ ಚಹಾದಂಗಡಿಯಲ್ಲಿ ನಿಂತು ನಿಂತು ಕನ್ನಡ ಕಲಿಯತೊಡಗಿದ. ಅಲ್ಲಿ ಸೇರುವವರು ಕಾಲೇಜಿನ ಪಡ್ಡೆ ಹುಡುಗರು. ಆ ಗುರುಕುಲದಿಂದ ಬಂದ ಮರುದಿನ ಕುಸುಗಲ್ಲಿನ ಅಜ್ಜ ಕೌಂಟರಿಗೆ ಬಂದು ನಿಂತರು. ಹುಡುಗ ಮುಖ ಅರಳಿಸಿ, ಅಷ್ಟೂ ಪ್ರೀತಿಯಿಂದ, 'ಬಾ ಲೇ ಮಗನಾ, ಕುಂದರ ಲೇ!' ಎಂದ.

ನೋಟು ಎಣಿಸುವ ಯಂತ್ರ ಕೂಡ ನಿಂತಂತಾಯಿತು. ಬಾಗಿಲ ಕಾವಲಿನವನು ಬಂದೂಕನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡ. ಅಜ್ಜ ಬಹಳ ಹೊತ್ತು ಹುಡುಗನ ಮುಖವನ್ನೇ ನೋಡಿದರು.

'ಯಾಂವ ಕಲಿಸಿದ್ನೋ ತಮ್ಮಾ ನಿನಗ ಇದನ್ನ?'

ಹುಡುಗ ಚಹಾದಂಗಡಿಯ ಕಡೆ ಕೈ ತೋರಿಸಿದ.

'ಅವರ ಕಡೆ ಆಮ್ಯಾಲೆ ಹೋಗ್ತೀನಿ. ಬರ್ರಿ ಅನ್ನು. ಕುಂದರ್ರಿ ಯಜಮಾನ್ರ ಅನ್ನು.'

'ಬರ್ರಿ. ಕುಂದರ್ರಿ ಯಜಮಾನ್ರ.'

ಅಜ್ಜ ಧೋತರ ಸಾವರಿಸಿಕೊಂಡು ಕೂತರು. 'ಹೂಂ. ಈಗ ಬೈ. ಏನ್ ಬೈತಿ?'

ಅವತ್ತು ಬೈಯುವುದಕ್ಕೆ ಬದಲು ಹುಡುಗ ಕಡತ ತೆಗೆದ. ಆಧಾರಿನಲ್ಲಿ ಒಂದು ಹೆಸರು, ಪಹಣಿಯಲ್ಲಿ ಒಂದು ಹೆಸರು, ಖಾತೆಯಲ್ಲಿ ಇನ್ನೊಂದು. ಅಜ್ಜನ ಹೆಸರಿನ ಕೊನೆಯ 'ಪ್ಪ' ಮೂರು ಕಡೆ ಮೂರು ಥರ ಇಂಗ್ಲಿಷಿನಲ್ಲಿ ಕೂತಿತ್ತು. ಇಷ್ಟು ದಿನ ರೊಕ್ಕ ತಡೆದಿದ್ದದ್ದು ಅದು. ಮೂರನ್ನೂ ಒಂದು ಮಾಡುವ ಅರ್ಜಿಯನ್ನು ಇಬ್ಬರೂ ಸೇರಿ ಬರೆದರು. ಅದು ಮೇಲಕ್ಕೆ ಹೋಯಿತು. ಕೆಳಕ್ಕೆ ಬರುವುದರೊಳಗೆ ಹುಡುಗನ ವರ್ಗಾವಣೆಯ ಆದೇಶ ಬಂತು, ತಮಿಳುನಾಡಿಗೆ. ಅಷ್ಟೊತ್ತಿಗೆ ಊರಿಗೆ ಮರಳಿದ್ದ ಮಾಮಾ ನಾಲ್ಕು ತಮಿಳು ಮಾತು ಕಲಿಸುತ್ತೇನೆಂದು ಮುಂದೆ ಬಂದರು. ಚೆನ್ನೈ ಆಟೋದ ಕಥೆ ಕೇಳಿದ್ದ ಹುಡುಗ ನಯವಾಗಿ, 'ಬ್ಯಾಡ್ರಿ ಮಾಮಾ, ನಾ ಚಹಾದಂಗಡ್ಯಾಗ ಕಲೀತೀನಿ' ಅಂದ.

ಅವನ ಜಾಗಕ್ಕೆ ಧಾರವಾಡದವರೇ ಬಂದರು. ಅಪ್ಪಟ ಕನ್ನಡ, ಅದರಲ್ಲೂ ನಮ್ಮ ಕನ್ನಡ. ಕೇಶ್ವಾಪುರಕ್ಕೆ ಹಬ್ಬವಾಯಿತು. ಮೊದಲ ವಾರವೇ ಅಜ್ಜ ಬಂದು ವಿಮೆ ಏನಾಯಿತು ಎಂದರು. 'ನಿಮ್ಮದೊಂದ ಕೆಲಸಾ ಇಟಗೊಂಡ ಕುಂತೇವೇನ್ರಿ, ನೂರಾ ಎಂಟ ಅದಾವು' ಎಂದರು ಹೊಸ ಸಾಹೇಬರು. 'ಪಗಾರ ಒಂದ ತಗೋತೀರೋ, ಅದನ್ನೂ ನೂರಾ ಎಂಟ ತಗೋತೀರೋ?' ಎಂದರು ಅಜ್ಜ. ಅಲ್ಲಿಂದ ಏರಿತು ನೋಡಿ! ವಿಮೆ ಹಿಂದೆ ಬಿತ್ತು, ಇಬ್ಬರ ವಂಶಾವಳಿಗಳು ಮುಂದೆ ಬಂದವು. ಪಾಳಿಯಲ್ಲಿದ್ದವರೆಲ್ಲ ತಮ್ಮ ಕೆಲಸ ಮರೆತು ಕಿವಿ ಅರಳಿಸಿ ನಿಂತೆವು. ಒಂದಕ್ಷರವೂ ಹಾಳಾಗದೆ ಪೂರಾ ತಿಳಿಯುವ ಜಗಳ ಆ ಬ್ಯಾಂಕಿನಲ್ಲಿ ಎಷ್ಟೋ ಕಾಲದಿಂದ ಆಗಿರಲಿಲ್ಲ. ಮಾಮಾಗೆ ತಡೆಯದಾಯಿತು. ಅಭ್ಯಾಸಬಲದಿಂದ ಕುರ್ಚಿ ಎಳೆದುಕೊಂಡು ನಡುವೆ ಕೂತು, 'ಅಜ್ಜಾರ, ಸಾಹೇಬ್ರು ಹಂಗ ಅಂದಿಲ್ಲ, ಅವರ ಮಾತಿನ ಅರ್ಥ ಏನಂದ್ರ…' ಎಂದು ಶುರುಮಾಡಿದರು.

ಸಾಹೇಬರೂ ಅಜ್ಜನೂ ಒಟ್ಟಿಗೇ ಅವರ ಕಡೆ ತಿರುಗಿದರು.

'ನಮಗ ಕೇಳಿಸೇತ್ರಿ, ನೀವು ಸುಮ್ಮ ಕುಂದರ್ರಿ!'