ಹಸಿರು ಬಳಿದವರು ಯಾರು?

ತೀರ್ಥಹಳ್ಳಿ ಕಡೆಯ ಒಂದು ತೊಟ್ಟಿಮನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಎರಡು ವರ್ಷದಿಂದ ತಲೆಬಾಗಿಲು ಕೆರೆಯುತ್ತಿದ್ದಾರೆ. ಹಲಸಿನ ಮರದ ಬಾಗಿಲು. ಚೌಕಟ್ಟಿಗೆ ಬಳ್ಳಿ, ಮೇಲೆ ಗಜಲಕ್ಷ್ಮಿ. ತಂಗಿಯ ಮದುವೆಗೆಂದು ಅದಕ್ಕೆ ಯಾರೋ ಹಸಿರು ಎನಾಮಲ್ ಬಳಿದಿದ್ದರು. ಇನ್ನೊಂದು ಮದುವೆಗೆ ನೀಲಿ, ಮಗನ ಉಪನಯನಕ್ಕೆ ಚಾಕಲೇಟು. ಆನೆಯ ಸೊಂಡಿಲೆಲ್ಲಿ ಮುಗಿಯಿತು, ಬಳ್ಳಿಯೆಲ್ಲಿ ಹುಟ್ಟಿತು ಎಂದು ಲಕ್ಷ್ಮಿಗೇ ತಿಳಿಯದು. ಬಳಿದವರು ಯಾರೆಂದು ಕೇಳಿದರೆ ಮೇಷ್ಟ್ರು ಇನ್ನೂ ಜೋರಾಗಿ ಕೆರೆಯುತ್ತಾರೆ. ಉತ್ತರ ಅಡುಗೆಮನೆಯಿಂದ ಬರುತ್ತದೆ: "ಇವ್ರೇ. ಬ್ರಶ್ಶು ಇನ್ನೂ ಅಟ್ಟದ ಮೇಲಿದೆ."

ಮಣಿಪಾಲಕ್ಕೆ ಹೋಗಿ ಬಂದಾಗಿನಿಂದ ಈ ಕೆರೆತ. ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು, ಮತ್ತೆ ಜೋಡಿಸಿ ನಿಲ್ಲಿಸಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಅಲ್ಲಿದೆ. ಟಿಕೆಟ್ ಕೊಟ್ಟು ಒಳಹೊಕ್ಕ ಮೇಷ್ಟ್ರಿಗೆ ಕಂಡದ್ದು ತಮ್ಮ ಮನೆಯಲ್ಲಿರುವಂಥದ್ದೇ ಮುಂಡಿಗೆ, ಅಂಥದ್ದೇ ಬಾಗಿಲು. ಬಣ್ಣ ಮಾತ್ರ ಇರಲಿಲ್ಲ.

ಹಳೆಮನೆ ರಿಪೇರಿಯೆಂದರೆ ಮುಕ್ಕಾಲು ಪಾಲು ಹಿಂದಿನ ರಿಪೇರಿಯ ರಿಪೇರಿ.

ಗೋಡೆಯನ್ನೇ ನೋಡಿ. ಮಣ್ಣಿನ ಗೋಡೆ, ಮೇಲೆ ಸುಣ್ಣದ ಗಾರೆ. ನೆಲದಿಂದ ಏರಿದ ತೇವ ಸುಣ್ಣದ ಮೂಲಕ ಹೊರಗೆ ಹೋಗಿಬಿಡುತ್ತಿತ್ತು. ಗಟ್ಟಿಯಾಗಲೆಂದು ಮೇಷ್ಟ್ರು ಅದಕ್ಕೆ ಸಿಮೆಂಟು ಮೆತ್ತಿಸಿದರು. ತೇವಕ್ಕೆ ದಾರಿ ಸಿಗಲಿಲ್ಲ. ಗೋಡೆಯೊಳಗೇ ಮೇಲೇರಿತು, ಉಪ್ಪು ಬಿಳಿಯಾಗಿ ಅರಳಿತು, ಸಿಮೆಂಟು ಹಪ್ಪಳ ಹಪ್ಪಳವಾಗಿ ಉದುರಿತು. "ಗೋಡೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕ್ಸಿದೀರಿ ಮೇಷ್ಟ್ರೇ, ಒಳಗೇ ಬೆವರ್ತಿದೆ" ಎಂದ ಮುದುಕ ಗಾರೆಯವನು ಕೇಳಿದ್ದು ಸುಣ್ಣ, ಮರಳು, ಅಳಲೆಕಾಯಿ ನೆನೆಸಿದ ನೀರು ಮತ್ತು ಬೆಲ್ಲ. ಗಾರೆ ಬಿಗಿಯಲು ಹಿಂದಿನವರು ಹಾಕುತ್ತಿದ್ದದ್ದೇ ಅದು. ಜೋನಿಬೆಲ್ಲದ ಡಬ್ಬ ಹೊರಗೆ ಹೊರಟಾಗ ಮನೆಯಾಕೆ ತಡೆದರು: "ನಿಮಗೆ ಸಕ್ಕರೆ ಕಾಯಿಲೆ ಅಂತ ನಾನು ಕಾಫಿಗೂ ಹಾಕಲ್ಲ, ಗೋಡೆಗೆ ಸುರೀತೀರಾ?" ಸುರಿದರು. ಊರಿನ ಇರುವೆಗಳೆಲ್ಲ ಗೃಹಪ್ರವೇಶಕ್ಕೆ ಬಂದವು.

ಹೆಂಚಿನದು ಬೇರೆಯೇ ಫಜೀತಿ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಅಲ್ಲಿ ಒಂದರ ಹಿಂದೊಂದು ಕಾರ್ಖಾನೆಗಳೆದ್ದವು. ಎಲ್ಲವೂ ಮಂಗಳೂರು ಹೆಂಚೇ, ಆದರೆ ಅಚ್ಚು ಬೇರೆ ಬೇರೆ. ಒಂದರ ಅಂಚು ಇನ್ನೊಂದರ ಕಚ್ಚಿನಲ್ಲಿ ಕೂತಂತೆ ನಟಿಸಿ, ಆರಿದ್ರಾ ಮಳೆಗೆ ನಿಜ ಬಾಯಿಬಿಡುತ್ತದೆ. ಮಾಡಿನ ಮೇಲೆ ಹಾರುವ ಮಂಗಗಳು ಅಚ್ಚು ನೋಡಿ ಹೆಂಚು ಒಡೆಯುತ್ತವೆಯೇ? ಒಡೆದದ್ದರ ಜಾಗಕ್ಕೆ ಮಾತ್ರ ಅದೇ ಅಚ್ಚಿನದು ಬೇಕು. ಎಲ್ಲಾದರೂ ಹಳೆಮನೆ ಕೆಡವುತ್ತಾರೆಂದರೆ ಮೊದಲು ಮರುಗುತ್ತಿದ್ದ ಮೇಷ್ಟ್ರು ಈಗ ಕೈಚೀಲದಲ್ಲೊಂದು ಹೆಂಚಿಟ್ಟುಕೊಂಡು ಓಡುತ್ತಾರೆ. ಜಗಲಿಯಲ್ಲಿ ಮನೆಯವರು ಕಣ್ಣೊರೆಸಿಕೊಳ್ಳುತ್ತಿದ್ದರೆ, ಇವರು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಹೆಂಚಿನ ಮೇಲಿನ ಕಂಪನಿ ಹೆಸರು ಓದುತ್ತಿರುತ್ತಾರೆ.

ಬಾಗಿಲಿಗೆ ಬರೋಣ. ಉಪ್ಪುಕಾಗದ ಉಜ್ಜಿದರೆ ಬಣ್ಣದ ಜೊತೆ ಲಕ್ಷ್ಮಿಯ ಮೂಗೂ ಸವೆದೀತು. ಹಾಗಾಗಿ ಬಣ್ಣ ಬಿಡಿಸುವ ದ್ರಾವಣ, ಹಲ್ಲುಜ್ಜುವ ಹಳೆಯ ಬ್ರಶ್ಶು, ಬೆತ್ತದ ಕಡ್ಡಿ. ಕೊನೆಗೆ ಗೆದ್ದಲು ತಡೆಯಲು ಗೇರೆಣ್ಣೆ. ಚಾಕಲೇಟು ಹೋಯಿತು, ನೀಲಿ ಹೋಯಿತು. ಮೊನ್ನೆ ಹಸಿರೂ ಬಿಟ್ಟಿತು. ಅದರಡಿ ಮರವಿರಲಿಲ್ಲ, ದಪ್ಪಗೆ ಕಪ್ಪು ಡಾಂಬರಿತ್ತು. ಅಪ್ಪನ ಕಾಲದ್ದು. ಮೇಷ್ಟ್ರು ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿ, ಇಷ್ಟು ದಿನದಲ್ಲಿ ಮೊದಲ ಸಲ ಅಡುಗೆಮನೆಗೆ ಕೇಳುವಂತೆ ಕೂಗಿದರು: "ಬಾರೇ ಇಲ್ಲಿ, ನಾನೊಬ್ಬನೇ ಅಲ್ಲ!"